ಮೆಡಿಕಲ್ ಕಾಲೇಜ್ ಆಸ್ಪತ್ರೆಯಾ, ಸಣ್ಣ ಖಾಸಗಿ ಆಸ್ಪತ್ರೆಯಾ? ಎರಡನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ. ಹಾಗಂತ ಅಲ್ಲಿ ಸುಖವಾಗಿತ್ತು ಅಂದುಕೊಳ್ಳಬೇಡಿ. ಐದು ವಾರ ಅಪ್ಪನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಸೊಂಟ ಹಿಡಿದುಹೋಗಿತ್ತು. ದಿನಕ್ಕೊಂದು ಸಲವಾದರೂ ಯಾರ ಮೇಲಾದರೂ ರೇಗುತ್ತಿದ್ದೆ. ಆದರೂ ಅಪ್ಪನಿಗೆ ಆಗಿದ್ದೇನು ಅಂತ ಗೊತ್ತಾಗಿದ್ದು ಅಲ್ಲೇ.

ಶುರುವಾಗಿದ್ದು ಸಣ್ಣ ಆಸ್ಪತ್ರೆಯಲ್ಲಿ. ಅಪ್ಪನಿಗೆ ಸಂಜೆಯಾದರೆ ಜ್ವರ, ಊಟ ಸೇರುತ್ತಿರಲಿಲ್ಲ, ಮೂರು ವಾರದಲ್ಲಿ ಪ್ಯಾಂಟು ಜಾರುವಷ್ಟು ಇಳಿದುಹೋದರು. ಅಲ್ಲಿ ಆ್ಯಂಟಿಬಯೋಟಿಕ್ ಬರೆದುಕೊಟ್ಟರು, ಜ್ವರ ಬಿಟ್ಟಿತು. ಕೋರ್ಸ್ ಮುಗಿದ ನಾಲ್ಕನೇ ದಿನ ಮತ್ತೆ ಬಂತು. ಇನ್ನೊಂದು ಮಾತ್ರೆ, ಅದೇ ಕಥೆ. ಡಾಕ್ಟರು ಒಳ್ಳೆಯವರು, ಫೋನ್ ಮಾಡಿದರೆ ಎತ್ತುತ್ತಿದ್ದರು. ಆದರೆ ಹೊರಗೆ ನಲವತ್ತು ಜನ ಕಾಯುವಾಗ ಒಬ್ಬರಿಗೆ ಎಷ್ಟು ಹೊತ್ತು ಸಿಗುತ್ತದೆ? ನಮಗೆ ಸಿಕ್ಕಿದ್ದು ಐದು ನಿಮಿಷ. ಜಾಸ್ತಿ ಅಂದರೆ ಏಳು.

ಆಮೇಲೆ ಮೆಡಿಕಲ್ ಕಾಲೇಜಿಗೆ ಹೋದೆವು. ಅಡ್ಮಿಟ್ ಆಗುವಷ್ಟರಲ್ಲೇ ಅರ್ಧ ದಿನ ಹೋಯಿತು. ವಾರ್ಡಿಗೆ ಬಂದ ಮೇಲೆ ಹೌಸ್ ಸರ್ಜನ್, ಅಂದರೆ ಇಂಟರ್ನ್‌ಶಿಪ್ ಮಾಡುತ್ತಿರುವ ಎಲ್ಲರಿಗಿಂತ ಕಿರಿಯ ಡಾಕ್ಟರು, ಬಂದು ಜ್ವರದ ಕಥೆ ಕೇಳಿದರು. ಅವರಾದ ಮೇಲೆ ಪಿಜಿ (ಎಂಬಿಬಿಎಸ್ ಮುಗಿಸಿ ಸ್ಪೆಷಲಿಸ್ಟ್ ಆಗಲು ಓದುತ್ತಿರುವ ಡಾಕ್ಟರು) ಬಂದು ಅದನ್ನೇ ಕೇಳಿದರು, ಸಂಜೆ ಅವರಿಗಿಂತ ಮೇಲಿನ ಸೀನಿಯರ್ ರೆಸಿಡೆಂಟ್ ಬಂದು ಮತ್ತೆ ಮೊದಲಿಂದ. ಮಾರನೇ ದಿನ ಮಧ್ಯಾಹ್ನ ಅಪ್ಪ ಆಗಷ್ಟೇ ಕಣ್ಣು ಮುಚ್ಚಿದ್ದರು, ಕೈಯಲ್ಲಿ ಉದ್ದದ ಪಟ್ಟಿ ಹಿಡಿದ ಒಬ್ಬ ಸ್ಟೂಡೆಂಟ್ ಹುಡುಗಿ ಬಂದು "ಅಂಕಲ್, ಜ್ವರ ಯಾವಾಗ ಶುರುವಾಯ್ತು?" ಅಂದಾಗ ನನಗೆ ತಡೆಯಲಾಗಲಿಲ್ಲ. "ಎಲ್ಲಾ ಕೇಸ್ ಶೀಟಲ್ಲಿ ಬರೆದಿದ್ದಾರೆ, ನೋಡಿಕೊಳ್ಳಮ್ಮ" ಅಂದೆ. ಅವಳ ಮುಖ ಸಣ್ಣದಾಯಿತು. ಅಪ್ಪನೇ ಎದ್ದು ಕೂತು, "ಪಾಪ, ಕಲಿಯೋ ಮಕ್ಕಳು, ಕೇಳಲಿ ಬಿಡು" ಅಂದರು.

ಒಂದು ಗಂಟೆ ಕೇಳಿದಳು. ಸಾಕುಪ್ರಾಣಿ ಇದೆಯಾ, ಎಲ್ಲಿಗಾದರೂ ಪ್ರಯಾಣ ಹೋಗಿದ್ದಿರಾ, ಹಲ್ಲಿಗೇನಾದರೂ ಮಾಡಿಸಿದಿರಾ... ಇದೇನು ಅಂತ ನಾನು ಒಳಗೊಳಗೇ ನಗುತ್ತಿದ್ದೆ. "ಹ್ಞೂಂ, ಎರಡು ತಿಂಗಳ ಹಿಂದೆ ದವಡೆ ಹಲ್ಲು ಕೀಳಿಸಿದೆ" ಅಂದರು ಅಪ್ಪ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಜ್ವರಕ್ಕೂ ಹಲ್ಲಿಗೂ ಏನು ಸಂಬಂಧ ಅಂತ ನಮಗೇನು ಗೊತ್ತು? ಆಮೇಲೆ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ತೋರುಬೆರಳಿನ ತುದಿಯಲ್ಲಿ ಕಾಳಿನಷ್ಟು ಕೆಂಪು ಗಂಟು ಇತ್ತು, ಒತ್ತಿದರೆ ಅಪ್ಪ "ಹಾ" ಅಂದರು. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿಸಿಕೊಂಡಳು, ಪಟ್ಟಿ ಮಂಚದ ಮೇಲೇ ಬಿಟ್ಟು ಓಡಿಹೋಗಿ ಪಿಜಿಯನ್ನು ಕರೆತಂದಳು.

ಎಂಡೋಕಾರ್ಡೈಟಿಸ್. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಕವಾಟದ ಮೇಲೆ ಗೂಡು ಕಟ್ಟಿತ್ತು, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಕಾಣಿಸಿತು. ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ರಕ್ತ ತೆಗೆದು, ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ನೋಡಲು ಕಲ್ಚರಿಗೆ ಕಳಿಸಿದರು. ಮೊದಲಿಗೆ ಏನೂ ಬೆಳೆಯಲಿಲ್ಲ. ರಕ್ತ ತೆಗೆಯುವ ಮೊದಲೇ ಆ್ಯಂಟಿಬಯೋಟಿಕ್ ನುಂಗಿದ್ದರೆ ಹೀಗಾಗುತ್ತದಂತೆ. ಅಂದರೆ ನಾವು ಹಿಂದೆ ತಿಂದ ಮಾತ್ರೆಗಳು ಜ್ವರವನ್ನು ಮುಚ್ಚಿಟ್ಟು ಪತ್ತೆ ಹಚ್ಚುವುದನ್ನು ಕಷ್ಟ ಮಾಡಿದ್ದವು.

ಆ ಬೆರಳಿನ ಗಂಟಿಗೆ ಓಸ್ಲರ್ ನೋಡ್ ಅಂತ ಹೆಸರು. ವಿಲಿಯಂ ಓಸ್ಲರ್ 1889ರಲ್ಲಿ ಶುರುವಾದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮೊದಲ ದೊಡ್ಡ ವೈದ್ಯರಲ್ಲಿ ಒಬ್ಬರು. ವಿದ್ಯಾರ್ಥಿಗಳನ್ನು ಪಾಠದ ಕೋಣೆಯಿಂದ ರೋಗಿಯ ಮಂಚದ ಪಕ್ಕಕ್ಕೆ ಕರೆತಂದವರು ಅಂತಲೇ ಅವರಿಗೆ ಹೆಸರು. ನಾನು ರೇಗಿದ ಆ ಹುಡುಗಿ ಅಲ್ಲಿ ನಿಂತಿದ್ದು ಒಂದು ಲೆಕ್ಕದಲ್ಲಿ ಅವರಿಂದಲೇ ಅನ್ನಿ.

ಹಾಗಾದರೆ ಮೆಡಿಕಲ್ ಕಾಲೇಜಿನಲ್ಲಿ ತೊಂದರೆ ಇಲ್ವಾ? ಇದೆ. ನನಗೆ ಈಗಲೂ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಮುಟ್ಟುವುದಿಲ್ಲ.

ಅಪ್ಪನಿಗೆ ಪೆನ್ಸಿಲಿನ್ ಆಗುವುದಿಲ್ಲ, ಕೊಟ್ಟರೆ ಮೈತುಂಬಾ ಗಂದೆ ಏಳುತ್ತದೆ. ಇದನ್ನು ನಾನು ಐದು ಜನಕ್ಕೆ ಹೇಳಿದ್ದೆ, ಐವರೂ ತಲೆ ಆಡಿಸಿದ್ದರು. ಮೂರನೇ ರಾತ್ರಿ ಹನ್ನೊಂದರ ಹೊತ್ತಿಗೆ ಡ್ಯೂಟಿ ಬದಲಾಗಿ ಹೊಸ ಹುಡುಗ ಬಂದರು, ಕಣ್ಣು ಕೆಂಪಗೆ, ಎಷ್ಟು ಹೊತ್ತಿನಿಂದ ನಿದ್ದೆ ಇಲ್ಲವೋ ಏನೋ. ಕೈಯಲ್ಲಿ ಇಂಜೆಕ್ಷನ್. "ಇದು ಯಾವುದು?" ಅಂದೆ. "ಆಂಪಿಸಿಲಿನ್." ಹೆಸರಿನ ಬಾಲ ಕೇಳಿ ಅನುಮಾನ ಬಂತು. "ಪೆನ್ಸಿಲಿನ್ ಜಾತಿಯದಾ?" ಅಂದೆ. ಅವರ ಕೈ ಅಲ್ಲೇ ನಿಂತಿತು. ಕೇಸ್ ಶೀಟ್ ತಿರುವಿದರೆ ಅಲರ್ಜಿ ಅಂತ ಎರಡನೇ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿತ್ತು, ಔಷಧಿ ಚೀಟಿ ಬರೆದವರು ಅದನ್ನು ನೋಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಒಂದು ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ "ಪೆನ್ಸಿಲಿನ್ ಆಗುವುದಿಲ್ಲ" ಅಂತ ದೊಡ್ಡದಾಗಿ ಬರೆದು ಅಪ್ಪನ ತಲೆಯ ಮೇಲೆ ಗೋಡೆಗೆ ಅಂಟಿಸಿದೆ. ರೌಂಡ್ಸಿಗೆ ಬಂದ ಪ್ರೊಫೆಸರ್ ಅದನ್ನು ನೋಡಿ, ಎಲ್ಲರ ಮುಂದೆ ಪಿಜಿ ಕಡೆ ತಿರುಗಿ ಒಂದು ನಿಮಿಷ ಏನೂ ಮಾತಾಡದೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಕೇಸ್ ಶೀಟಿನ ಮೇಲೂ ಕೆಂಪು ಅಕ್ಷರ ಬಂದಿತ್ತು.

ಇದು ನಮ್ಮ ಒಬ್ಬರ ಕಥೆಯಲ್ಲ. ಡ್ಯೂಟಿ ಬಿಡುವವರು ಬರುವವರಿಗೆ ಕೇಸು ಒಪ್ಪಿಸುವಾಗ ಏನೇನು ಹೇಳಬೇಕು ಅಂತ ಒಂದು ಕ್ರಮ ಮಾಡಿ ಕಲಿಸಿದಾಗ 9 ಆಸ್ಪತ್ರೆಗಳಲ್ಲಿ ಒಟ್ಟಾರೆ ತಪ್ಪುಗಳು ಶೇ 23ರಷ್ಟು ಕಡಿಮೆಯಾದವು ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಕ್ರಮ ಇಲ್ಲದ ಕಡೆ ಆ ಕೆಲಸ ಮನೆಯವರ ಮೇಲೆ ಬೀಳುತ್ತದೆ. ಹಾಗಾಗಿ ಡ್ಯೂಟಿ ಬದಲಾಗುವ ಹೊತ್ತಿಗೆ ಕಾಫಿಗೆ ಹೋಗಬೇಡಿ, ಮಂಚದ ಹತ್ತಿರವೇ ಇರಿ. ಪಿಜಿಗಳು ಯಾವ ದಿನ ಬೇರೆ ವಿಭಾಗಕ್ಕೆ ಹೋಗುತ್ತಾರೆ ಅಂತಲೂ ಕೇಳಿಟ್ಟುಕೊಳ್ಳಿ. ನಮ್ಮ ಅಪ್ಪನ ಕೇಸು ಬಾಯಿಪಾಠ ಆಗಿದ್ದ ಪಿಜಿ ಮೂರನೇ ವಾರ ಹೋಗಿಬಿಟ್ಟರು, ಮತ್ತೆ ಮೊದಲಿಂದ ಶುರು. ಒಂದು ನೋಟ್ ಬುಕ್ ಇಡಿ, ಬಂದವರ ಹೆಸರು, ಅವರು ಸ್ಟೂಡೆಂಟಾ ಪಿಜಿಯಾ ಕನ್ಸಲ್ಟೆಂಟಾ, ಏನು ಹೇಳಿದರು, ಎಲ್ಲಾ ಬರೆಯಿರಿ. ಬಿಳಿ ಕೋಟು ಹಾಕಿದವರೆಲ್ಲ ಒಂದೇ ಅಲ್ಲ. ಹೌಸ್ ಸರ್ಜನ್ "ನಾಳೆ ಡಿಸ್ಚಾರ್ಜ್ ಆಗಬಹುದು" ಅಂದರೆ ಬ್ಯಾಗ್ ಕಟ್ಟಬೇಡಿ.

ಬೇಡ ಅನ್ನುವ ಹಕ್ಕೂ ನಿಮಗಿದೆ. ಎಂಟು ಸ್ಟೂಡೆಂಟುಗಳ ಮುಂದೆ ಬಟ್ಟೆ ಸರಿಸುವುದು ಮುಜುಗರ ಅನ್ನಿಸಿದರೆ ಇಬ್ಬರು ಸಾಕು ಅನ್ನಿ. ಆಪರೇಷನ್ ಇದ್ದರೆ ಕೈ ಹಾಕುವವರು ಯಾರು, ಇದುವರೆಗೆ ಎಷ್ಟು ಮಾಡಿದ್ದಾರೆ, ಪಕ್ಕದಲ್ಲಿ ಯಾರಿರುತ್ತಾರೆ ಅಂತ ಸಹಿ ಹಾಕುವ ಮೊದಲೇ ಕೇಳಿ.

ಹೊಸ ಬ್ಯಾಚ್ ಬರುವ ತಿಂಗಳು ಅಡ್ಮಿಟ್ ಆಗಬೇಡಿ ಅಂತಾರೆ. ಕಾಯಿಲೆ ಕ್ಯಾಲೆಂಡರ್ ನೋಡಿ ಬರುತ್ತದಾ?

ಸಣ್ಣ ಆಸ್ಪತ್ರೆಯನ್ನು ಸುಮ್ನೆ ಬೈಯುವುದಿಲ್ಲ. ನನ್ನ ಹರ್ನಿಯಾ ಆಪರೇಷನ್ ಅಲ್ಲೇ ಆಗಿದ್ದು. ಸ್ವಂತ ಕೋಣೆ, ರಾತ್ರಿ ಸದ್ದಿಲ್ಲ, ನೋಡಿದವರು ಮೊದಲಿಂದ ಕೊನೆಯವರೆಗೆ ಒಬ್ಬರೇ ಡಾಕ್ಟರು, ಎರಡನೇ ದಿನ ಮನೆ. ಏನಾಗಿದೆ ಅಂತ ಮೊದಲೇ ಗೊತ್ತಿರುವ ಕೆಲಸಕ್ಕೆ ಈಗಲೂ ಅಲ್ಲಿಗೇ ಹೋಗುತ್ತೇನೆ. ಏನಾಗಿದೆ ಅಂತಲೇ ಗೊತ್ತಿಲ್ಲದಿದ್ದರೆ ಖಂಡಿತ ಇಲ್ಲ. ಅಮೆರಿಕದಲ್ಲಿ 65 ತುಂಬಿದವರ 2 ಕೋಟಿಗೂ ಹೆಚ್ಚು ದಾಖಲಾತಿ ನೋಡಿ 2017ರಲ್ಲಿ ಬಂದ ಅಧ್ಯಯನದ ಪ್ರಕಾರ, ದಾಖಲಾದ 30 ದಿನದೊಳಗೆ ತೀರಿಕೊಂಡವರು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಶೇ 8.3, ಬೋಧನೆ ಇಲ್ಲದ ಕಡೆ ಶೇ 9.5. ಅಲ್ಲಿಯ ಲೆಕ್ಕ ಎಲ್ಲಾ ಕಡೆಗೂ ಹಾಗೇ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ "ಕಲಿಯುವವರ ಕೈಗೆ ಯಾಕೆ ಕೊಟ್ಟೆ" ಅಂತ ಕೇಳುವ ನೆಂಟರ ಬಾಯಿ ಮುಚ್ಚಿಸಲು ನನಗೆ ಸಾಕು.

ದುಡ್ಡಿನ ಮಾತೂ ಇದೆ. ಎಂಡೋಕಾರ್ಡೈಟಿಸ್‌ಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನರಕ್ಕೆ ಇಂಜೆಕ್ಷನ್ ಕೊಡಬೇಕು. ಅಷ್ಟು ದಿನ ಸಣ್ಣ ಆಸ್ಪತ್ರೆಯ ಸ್ವಂತ ಕೋಣೆ ನನ್ನ ಜೇಬಿಗೆ ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂರಲು ಪುರುಸೊತ್ತಿರುವ ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ ಮಾತ್ರ ನನ್ನ ಸಲಹೆ ಬೇರೆ ಇರುತ್ತಿತ್ತು.

ಆ ರಟ್ಟು ಈಗ ಅಪ್ಪನ ಪರ್ಸಿನಲ್ಲಿದೆ, ಚಿಕ್ಕದಾಗಿ ಕತ್ತರಿಸಿಕೊಟ್ಟಿದ್ದೇನೆ. ಡಿಸ್ಚಾರ್ಜ್ ದಿನ ಅದೇ ಸ್ಟೂಡೆಂಟ್ ಹುಡುಗಿ ಅದರ ಹಿಂದೆ ಇನ್ನೊಂದು ಸಾಲು ಬರೆದುಕೊಟ್ಟಳು: "ಹಲ್ಲು ಕೀಳಿಸುವ ಮೊದಲು ನಿಮ್ಮ ಹೃದಯದ ಡಾಕ್ಟರನ್ನು ಕೇಳಿ."