ಜಗುಲಿ, ಹಿತ್ತಲು, ಮಹಡಿ: ಒಂದೇ ಮನೆಗೆ ಮೂರು ಬಗೆಯಲ್ಲಿ ಕೋಣೆ ಕೂಡಿಸಿ ನೋಡಿದ ಹೋಲಿಕೆ

ಚಿಕ್ಕಮಗಳೂರಿನಲ್ಲಿ ಅಪ್ಪ 1996ರಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಕಟ್ಟಿಸಿದ ಮನೆಗೆ ನಾವು ಮೂರು ಸಲ ಕೋಣೆ ಕೂಡಿಸಿದ್ದೇವೆ. 2011ರಲ್ಲಿ ಮುಂದಿನ ಜಗುಲಿಯನ್ನು ಮುಚ್ಚಿದೆವು, 2016ರಲ್ಲಿ ಹಿತ್ತಲಿಗೆ ಶೀಟಿನ ಇಳಿಮಾಡು ಹಾಕಿ ಒಂದು ಕೋಣೆ ಕಟ್ಟಿದೆವು, 2021ರಲ್ಲಿ ತಾರಸಿಯ ಮೇಲೆ ಮಹಡಿ ಏರಿಸಿದೆವು. ಮೂರರಲ್ಲೂ ಮಲಗಿ, ಮೂರನ್ನೂ ಆರಿದ್ರಾ, ಪುನರ್ವಸು ಮಳೆಗಳಲ್ಲಿ ನೋಡಿದ ಮೇಲೆ, ಚದರಕ್ಕೆ ಎಷ್ಟಾಗುತ್ತದೆ ಎಂದು ಮೇಸ್ತ್ರಿಯನ್ನು ಕೇಳುವ ಮೊದಲು ಮನೆಯವರು ತಮ್ಮತಮ್ಮಲ್ಲೇ ಎರಡು ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕು ಎಂಬುದು ನನಗೆ ಖಚಿತವಾಗಿದೆ: ಆ ಕೋಣೆಯಲ್ಲಿ ಮಲಗುವವರು ಯಾರು, ಮತ್ತು ಹಳೆಯ ಮನೆಗೂ ಹೊಸ ಮಾಡಿಗೂ ನಡುವಿನ ಸಂದಿಗೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ.

ಜಗುಲಿ ಮುಚ್ಚುವುದು ಮೂರರಲ್ಲಿ ಅತಿ ಸುಲಭದ ಕೆಲಸ. ಮೇಲೆ ಮೋಲ್ಡ್, ಅಂದರೆ ಕಾಂಕ್ರೀಟಿನ ಮಾಡು, ಇದ್ದೇ ಇರುತ್ತದೆ. ಎರಡು ಬದಿಗೆ ಗೋಡೆ, ಒಂದು ಕಿಟಕಿ, ಒಂದು ಬಾಗಿಲು ಇಟ್ಟರೆ ಮುಗಿಯಿತು. ನಮ್ಮದು ಒಂಬತ್ತು ದಿನಗಳಲ್ಲಿ ಮುಗಿಯಿತು. ಅಮ್ಮನಿಗೆ ಮಂಡಿನೋವು ಶುರುವಾಗಿದ್ದ ಕಾಲ ಅದು. ಮೆಟ್ಟಿಲಿಲ್ಲದೆ, ಗೇಟಿನ ಸದ್ದು ಕೇಳಿಸುವ ಹಾಗೆ, ಬಚ್ಚಲುಮನೆಗೆ ಹತ್ತು ಹೆಜ್ಜೆಯಲ್ಲಿ ಹೋಗಿಬರುವ ಹಾಗೆ ಅವರಿಗೊಂದು ಕೋಣೆ ಸಿಕ್ಕಿತು. ಆದರೆ ಜಗುಲಿಯ ನೆಲವನ್ನು ಸಾಮಾನ್ಯವಾಗಿ ಮಣ್ಣು ತುಂಬಿ, ಹೊರಗಡೆಗೆ ಓರೆ ಕೊಟ್ಟು ಮಾಡಿರುತ್ತಾರೆ. ಅದರ ಅಂಚಿನ ಕೆಳಗೆ ಗೋಡೆ ಹೊರುವಂಥ ಪಾಯ ಇರುವುದಿಲ್ಲ. ನಾವು ನಾಲ್ಕಿಂಚಿನ ಬ್ಲಾಕಿನ ಗೋಡೆಯನ್ನು ನೇರವಾಗಿ ಆ ನೆಲದ ಮೇಲೆಯೇ ಎಬ್ಬಿಸಿದ್ದರಿಂದ, ಎರಡನೆಯ ವರ್ಷದಲ್ಲಿ ಗೋಡೆ ತುಸು ಕುಸಿದು ಮೋಲ್ಡಿನ ಕೆಳಗೆ ಬೆರಳ ತುದಿ ತೂರುವಷ್ಟು ಸಂದಿ ಬಿಟ್ಟಿತು. ಇದಕ್ಕಿಂತ ದೊಡ್ಡ ನಷ್ಟವೆಂದರೆ ನಡುಮನೆಯ ಬೆಳಕು. ಜಗುಲಿಯ ಕಡೆಗಿದ್ದ ಕಿಟಕಿಯೇ ಅದಕ್ಕೆ ಆಧಾರವಾಗಿದ್ದುದರಿಂದ ಅಂದಿನಿಂದ ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಟ್ಯೂಬ್‌ಲೈಟ್ ಉರಿಯಬೇಕಾಗಿದೆ. ಒದ್ದೆ ಕೊಡೆ ಬಿಡಿಸಿಡಲು, ಚಪ್ಪಲಿ ಬಿಡಲು, ಬಂದವರನ್ನು ಎರಡು ನಿಮಿಷ ಕೂರಿಸಲು ಜಾಗವಿಲ್ಲದ ಮನೆ ಮಲೆನಾಡಿನ ಅಂಚಿನ ಊರಿನಲ್ಲಿ ಎಷ್ಟು ತೊಡಕಿನದೆಂಬುದು ಜಗುಲಿ ಇದ್ದಾಗ ನಮಗೆ ಹೊಳೆದಿರಲಿಲ್ಲ.

ಹಿತ್ತಲ ಕೋಣೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಮೊದಲು ಯೋಚಿಸುವುದು ಇದನ್ನೇ. ಹತ್ತು–ಹನ್ನೆರಡರ ಕೋಣೆ, ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ, ಕಬ್ಬಿಣದ ಕೊಳವೆಗಳ ಮೇಲೆ ಬಣ್ಣದ ಶೀಟು. ಜಗುಲಿಗೆ ಆದ ಖರ್ಚನ್ನು ಒಂದು ಎಂದುಕೊಂಡರೆ ಇದಕ್ಕೆ ಮೂರರಷ್ಟಾಯಿತು. ನಾವು ಮಾಡಿದ ಮೊದಲ ತಪ್ಪು ಹೊಸ ಗೋಡೆಯನ್ನು ಹಳೆಯ ಗೋಡೆಗೆ ಹಲ್ಲು ಬಿಟ್ಟು, ಅಂದರೆ ಬ್ಲಾಕುಗಳ ತುದಿಯನ್ನು ಹಳೆಯ ಗೋಡೆಯೊಳಕ್ಕೆ ಕಚ್ಚಿಸಿ, ಬೆಸೆದದ್ದು. ಇಪ್ಪತ್ತು ವರ್ಷ ಕೂತು ಗಟ್ಟಿಯಾದ ಪಾಯದ ಪಕ್ಕದಲ್ಲಿ ಹೊಸ ಪಾಯ ತನ್ನ ಮಣ್ಣಿನಲ್ಲಿ ಇನ್ನೂ ಕೂರುತ್ತಿರುವಾಗ, ಬೆಸೆದ ಜಾಗದಲ್ಲಿಯೇ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳುತ್ತದೆ. ಅಲ್ಲಿ ಅರ್ಧ ಇಂಚು ಬಿಟ್ಟು, ನಡುವೆ ಥರ್ಮಾಕೋಲ್ ಹಾಳೆ ಇಟ್ಟು ಎರಡನ್ನೂ ಬೇರೆಬೇರೆಯಾಗಿ ನಿಲ್ಲಿಸಬೇಕಿತ್ತು.

ಎರಡನೆಯ ತಪ್ಪು ಶೀಟು ಹಳೆಯ ಗೋಡೆಯನ್ನು ಸೇರುವ ಗೆರೆಗೆ ಸಿಮೆಂಟು ಮೆತ್ತಿದ್ದು. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಶೀಟಿನ ಜೊತೆ ಸಿಮೆಂಟು ಹಿಗ್ಗಲಾರದು. ಒಂದೇ ಬೇಸಿಗೆಯಲ್ಲಿ ಅದು ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಪಡುವಣದ ಗಾಳಿಮಳೆಗೆ ಆ ಗೆರೆಯೇ ಸಾಕಾಯಿತು. 2019ರ ಆಗಸ್ಟ್‌ನ ಮಳೆಯಲ್ಲಿ, ಮೂಡಿಗೆರೆಯ ಕಡೆ ಗುಡ್ಡಗಳು ಕುಸಿದ ಆ ವಾರದಲ್ಲಿ, ನಾವು ಸಂದಿಯ ಕೆಳಗೆ ಉದ್ದಕ್ಕೆ ಊಟದ ತಟ್ಟೆಗಳನ್ನು ಜೋಡಿಸಿದ್ದೆವು. ತಟ್ಟೆಗೆ ಬಿದ್ದ ಹನಿ ಹಾಸಿಗೆಗೆ ಸಿಡಿಯದಿರಲೆಂದು ಅಮ್ಮ ಪ್ರತಿಯೊಂದು ತಟ್ಟೆಯಲ್ಲೂ ಮಡಿಸಿದ ಹಳೆಯ ಪಂಚೆಯ ತುಂಡನ್ನು ಇಟ್ಟಿದ್ದರು. ಗೋಡೆಗೆ ತಾಗಿಸಿ ಇಟ್ಟಿದ್ದ ಟ್ರಂಕನ್ನು ದಸರೆಗೆ ತೆಗೆದಾಗ ಸೀರೆಗಳ ಮಡಿಕೆಯೊಳಗೆಲ್ಲ ಬೂಷ್ಟು ಹಿಡಿದಿತ್ತು. ಆಮೇಲೆ ಹಳೆಯ ಗೋಡೆಯಲ್ಲಿ ಗೆರೆ ಕೊರೆದು, ತಗಡಿನ ಒಂದಂಚನ್ನು ಅದರೊಳಗೆ ತೂರಿಸಿ, ಇನ್ನೊಂದಂಚನ್ನು ಶೀಟಿನ ಮೇಲೆ ಒಂದು ಗೇಣು ಇಳಿಬಿಟ್ಟ ಮೇಲೆಯೇ ಸೋರುವುದು ನಿಂತದ್ದು. ಅರ್ಧ ದಿನದ ಆ ಕೆಲಸವನ್ನು ಮೊದಲೇ ಮಾಡಿಸಬಹುದಿತ್ತು. ಆದರೆ ಯಾವ ತಗಡೂ ಸರಿಪಡಿಸಲಾರದ್ದು ಅಡುಗೆಮನೆಯ ಕಿಟಕಿಯ ಪಾಡು: ಅದು ಈಗ ಹಿತ್ತಲ ಕೋಣೆಯೊಳಕ್ಕೆ ತೆರೆಯುತ್ತದೆ, ಒಗ್ಗರಣೆಯ ಹೊಗೆ ಹಾಸಿಗೆಯ ಮೇಲೆ ಬರುತ್ತದೆ. ಹಿತ್ತಲಿನಲ್ಲಿ ಕಟ್ಟುವವರು ನಗರಸಭೆಯ ನಿಯಮದಂತೆ ಬಿಡಬೇಕಾದ ಜಾಗವನ್ನು ಬಿಡಲೇಬೇಕು; ಪರವಾನಗಿಗಾಗಿ ಮಾತ್ರವಲ್ಲ, ಆ ಮೂರಡಿಯಲ್ಲಿಯೇ ಮನೆ ಉಸಿರಾಡುವುದು.

ಶೀಟಿನ ಸದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೋರು ಮಳೆಯಲ್ಲಿ ಎದುರು ಕೂತವರ ಮಾತು ಕೇಳಿಸುವುದಿಲ್ಲ, ಮಗುವನ್ನು ಮಲಗಿಸಲು ಸಾಧ್ಯವಿಲ್ಲ. ಮೂಡಿಗೆರೆಯ ತಂಗಿಯ ಮನೆಯಲ್ಲಿ ಇಂಥದೇ ಇಳಿಮಾಡಿಗೆ ಮಂಗಳೂರು ಹೆಂಚು ಹೊದಿಸಿದ್ದಾರೆ. ಅಲ್ಲಿ ಮಳೆಯ ಸದ್ದು ಹಿತವಾಗಿದೆ, ಏಪ್ರಿಲ್‌ನಲ್ಲೂ ಕೋಣೆ ತಂಪು. ಆದರೆ ಹೆಂಚಿಗೆ ಕಡಿದಾದ ಇಳಿಜಾರು ಬೇಕು, ನಮ್ಮ ಹಿತ್ತಲ ಗೋಡೆಯ ಎತ್ತರಕ್ಕೆ ಅದು ಹೊಂದುತ್ತಿರಲಿಲ್ಲ. ಮಂಗಗಳು ಕುಣಿದು ಒಡೆದ ಹೆಂಚುಗಳನ್ನು ವರ್ಷವರ್ಷ ಬದಲಿಸುವ ಕೆಲಸವೂ ಅವರಿಗೆ ತಪ್ಪಿಲ್ಲ.

ಮಹಡಿಗೆ ಖರ್ಚು ಜಗುಲಿಯ ಆರರಷ್ಟಾಯಿತು, ಮತ್ತು ಮೂರರಲ್ಲಿ ಪಶ್ಚಾತ್ತಾಪವಿಲ್ಲದ್ದು ಅದೊಂದೇ. ಅದಕ್ಕೆ ಕಾರಣ ಕೆಲಸಕ್ಕೆ ಮುನ್ನ ಎಂಜಿನಿಯರ್ ಮನೆಯ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ, ಸೈಜುಗಲ್ಲಿನ ಪಾಯದ ಅಗಲವನ್ನೂ ಅದರಡಿಯ ಮಣ್ಣನ್ನೂ ಕಣ್ಣಾರೆ ನೋಡಿದ್ದು. ನಮ್ಮದು ಕಾಲಮ್ಮುಗಳಿಲ್ಲದ, ಗೋಡೆಗಳೇ ಭಾರ ಹೊರುವ ಮನೆ. ಹತ್ತು–ಹನ್ನೆರಡರ ಕೋಣೆಗೆ ಐದಿಂಚಿನ ಮೋಲ್ಡ್ ಹಾಕಿದರೆ ಅದೊಂದರ ತೂಕವೇ ಸುಮಾರು 3.5 ಟನ್ ಆಗುತ್ತದೆ. ಅಷ್ಟೇ ಜಾಗಕ್ಕೆ ಅರ್ಧ ಮಿಲಿಮೀಟರ್ ದಪ್ಪದ ಶೀಟು, ಕೊಳವೆಗಳನ್ನು ಬಿಟ್ಟರೆ, ಸುಮಾರು 60 ಕಿಲೋ. ಹಾಗಾಗಿ ಮಲಗುವ ಕೋಣೆಯೊಂದಕ್ಕೆ ಮಾತ್ರ, ಕೆಳಗಿನ ಗೋಡೆಗಳ ನೇರಕ್ಕೆ ಗೋಡೆ ಎಬ್ಬಿಸಿ ಮೋಲ್ಡ್ ಹಾಕಿ, ಉಳಿದ ತಾರಸಿಗೆ ಶೀಟು ಹೊದಿಸಿದೆವು. ಇದರಿಂದ ಕೆಳಗಿನ ಹಳೆಯ ಮೋಲ್ಡ್ ಸೋರುವುದು ನಿಂತಿತು, ಜುಲೈನಲ್ಲಿ ಬಟ್ಟೆ ಒಣಗಿಸಲು ಜಾಗವಾಯಿತು. ಇಲ್ಲಿ ನೀರು ನುಗ್ಗಬಹುದಾದ ಅಡ್ಡ ಸಂದಿಯೆಂದರೆ ಮೆಟ್ಟಿಲು ಬಂದು ಸೇರುವ ಜಾಗವೊಂದೇ.

ಕೆಲಸದ ಕಾಲದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಒಂದು ಮಾತು. ಮಳೆಯಿಲ್ಲದ ಡಿಸೆಂಬರ್, ಜನವರಿಯೇ ಕಾಫಿ ಕೊಯ್ಲಿನ ಕಾಲವೂ ಆದ್ದರಿಂದ ಆಗ ಆಳುಗಳು ಸಿಗುವುದು ಕಷ್ಟ. ಮೋಲ್ಡಿಗೆ ಹಲಗೆ, ಆಸರೆ ಕಟ್ಟುವ ಸೆಂಟ್ರಿಂಗ್‌ನವರನ್ನು ದೀಪಾವಳಿಗೇ ಗೊತ್ತು ಮಾಡಿಕೊಂಡರೆ, ಮೋಲ್ಡಿನ ಮೇಲೆ ಕಟ್ಟೆ ಕಟ್ಟಿ ಹತ್ತು ದಿನವಾದರೂ ನೀರು ನಿಲ್ಲಿಸಲು, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಹೊರಗಿನ ಗಾರೆ ಮುಗಿಸಲು ಸಮಯ ಸಿಗುತ್ತದೆ.

ಮಹಡಿಯ ಒಂದು ಕೊರತೆಯನ್ನು ಯಾವ ಎಂಜಿನಿಯರೂ ನಿವಾರಿಸಲಾರರು. ಹದಿನೆಂಟು ಮೆಟ್ಟಿಲು ಹತ್ತಿ ಅಮ್ಮ ಆ ಕೋಣೆಗೆ ಬಂದದ್ದು ಎರಡೇ ಸಲ, ಒಮ್ಮೆ ಹಾಲುಕ್ಕಿಸಿದ ದಿನ. ಈಗ ಅವರು ಜಗುಲಿಯ ಕೋಣೆಯಲ್ಲಿ ಮಲಗುತ್ತಾರೆ, ನಾವು ಮೇಲೆ ಮಲಗುತ್ತೇವೆ. ರಾತ್ರಿ ಅವರಿಗೆ ಬೇಕಾದರೆ ಒತ್ತಲೆಂದು ಮಂಚದ ಪಕ್ಕಕ್ಕೆ ಒಂದು ಬೆಲ್ ಹಾಕಿಸಿದ್ದೇವೆ. ಹಿತ್ತಲ ಕೋಣೆಯಲ್ಲಿ ಅಕ್ಕಿಯ ಮೂಟೆ, ಸೌದೆ, ಮೆಣಸಿನ ಚೀಲ ಇವೆ. ಇವೆಲ್ಲವನ್ನೂ ಗೋಡೆಯಿಂದ ಒಂದಡಿ ದೂರಕ್ಕೆ, ಹಲಗೆಯ ಮೇಲೆ ಇಟ್ಟಿದ್ದೇವೆ.