ಬಿಲ್ಲಿನಲ್ಲಿ ಐಎಸ್‌ಡಿ (ವಿದೇಶಿ ಕರೆ) ಶುಲ್ಕ ಬಂದರೆ ಕೌಂಟರಿನ ಮಾತು ನಂಬಿ ಹಣ ಕಟ್ಟಬೇಡಿ

ಪೋಸ್ಟ್‌ಪೇಯ್ಡ್ ಸಿಮ್ ಬಳಸುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅದರಲ್ಲೂ ಅವರ ಮಕ್ಕಳು ವಿದೇಶದಲ್ಲಿದ್ದರೆ, ದಯವಿಟ್ಟು ಇದನ್ನು ಕೊನೆಯವರೆಗೆ ಓದಿ. ಮಂಡ್ಯದಲ್ಲಿರುವ ನಮ್ಮ ತಂದೆಯವರ ಮೊಬೈಲ್ ಬಿಲ್ ಕಳೆದ ವರ್ಷ ಒಮ್ಮೆಲೇ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚಾಗಿ ಬಂದಿತು. ವಿವರದ ಪುಟದಲ್ಲಿ +222 ಎಂದು ಆರಂಭವಾಗುವ ಸಂಖ್ಯೆಯೊಂದಕ್ಕೆ ಹೋದ ಕರೆಗಳಿದ್ದವು. ಅವುಗಳ ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿಯೂ ಸೇರಿತ್ತು. 222 ಪಶ್ಚಿಮ ಆಫ್ರಿಕದ ಮಾರಿಟೇನಿಯಾ ದೇಶದ ಕೋಡ್. ಅಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ.

ನಡೆದದ್ದು ಇಷ್ಟು: ರಾತ್ರಿ ಹೊತ್ತಿನಲ್ಲಿ ಒಂದೇ ರಿಂಗ್ ಆಗಿ ಕರೆ ನಿಂತುಹೋಗಿತ್ತು. ನನ್ನ ತಂಗಿ ಜರ್ಮನಿಯಲ್ಲಿರುವುದರಿಂದ, ಅವಳಿಗೇನಾದರೂ ತೊಂದರೆಯಾಗಿರಬಹುದೆಂಬ ಗಾಬರಿಯಲ್ಲಿ ತಂದೆಯವರು ಅದೇ ಸಂಖ್ಯೆಗೆ ತಿರುಗಿ ಕರೆ ಮಾಡಿದ್ದರು. ವಂಚಕರು ಕಂಪ್ಯೂಟರಿನ ಮೂಲಕ ಸಾವಿರಾರು ಸಂಖ್ಯೆಗಳಿಗೆ ಹೀಗೆ ಮಿಸ್ಡ್ ಕಾಲ್ ಕೊಡುತ್ತಾರೆ. ಯಾರಾದರೂ ತಿರುಗಿ ಕರೆ ಮಾಡಿದರೆ ಅದು ನಿಮಿಷಕ್ಕೆ ದುಬಾರಿ ದರವಿರುವ ಸಂಖ್ಯೆಗೆ ತಲುಪುತ್ತದೆ, ಮತ್ತು ಆ ಹಣದಲ್ಲಿ ಒಂದು ಪಾಲು ವಂಚಕರ ಕೈಸೇರುತ್ತದೆ. ಲೈನು ತೆರೆದಿರುವಷ್ಟು ಹೊತ್ತೂ ಅವರಿಗೆ ಲಾಭವಾದ್ದರಿಂದ, ಕರೆಯನ್ನು ಸ್ವೀಕರಿಸಿದ ಮೇಲೂ ರಿಂಗಿನ ಸದ್ದನ್ನೇ ಧ್ವನಿಮುದ್ರಿಸಿ ಕೇಳಿಸುವುದುಂಟು. 'ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ತಲೇ ಇಲ್ಲ' ಎಂದು ತಂದೆಯವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇನ್ನೊಂದು ವಿಷಯ: ನಮ್ಮ ಕಡೆ 94ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆಗಳು ಬಹಳ, ಆದರೆ +94 ಎಂದಿದ್ದರೆ ಅದು ಶ್ರೀಲಂಕಾ. ಮುಂದಿರುವ ಪ್ಲಸ್ ಚಿಹ್ನೆಯನ್ನೂ ಅದರ ನಂತರದ ಅಂಕಿಗಳನ್ನೂ ನೋಡಿಯೇ ಕರೆ ಮಾಡಬೇಕೆಂದು ಮನೆಯ ಹಿರಿಯರಿಗೆ ತಿಳಿಸಿ.

ವಂಚಕರಿಗಿಂತಲೂ ನನಗೆ ಹೆಚ್ಚು ನೋವು ತಂದದ್ದು ಕಂಪನಿಯ ಮಳಿಗೆಯಲ್ಲಿ ನಡೆದದ್ದು. 'ಕರೆ ನಿಮ್ಮ ಫೋನಿಂದಲೇ ಹೋಗಿದೆ ಸಾರ್, ಮೊದಲು ಕಟ್ಟಿ, ಆಮೇಲೆ ಕಂಪ್ಲೇಂಟ್ ಕೊಡಿ, ಇಲ್ಲಾಂದ್ರೆ ನಂಬರ್ ಬಂದ್ ಆಗುತ್ತೆ' ಎಂದು ಕೌಂಟರಿನಲ್ಲಿದ್ದವರು ಹೇಳಿಬಿಟ್ಟರು. ಪಿಂಚಣಿಯ ಬ್ಯಾಂಕ್ ಖಾತೆ, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲದರ ಒಟಿಪಿ ಬರುವುದು ಆ ಒಂದೇ ಸಂಖ್ಯೆಗೆ. ಅದು ಬಂದ್ ಆಗುತ್ತದೆ ಎಂದರೆ ಎಪ್ಪತ್ತು ದಾಟಿದವರು ಹೆದರುತ್ತಾರೆ, ಹೆದರಿ ಕಟ್ಟಿಬಿಡುತ್ತಾರೆ. ದೂರು ದಾಖಲಿಸಿಕೊಳ್ಳದೆ ಹೀಗೆ ಹೆದರಿಸಿ ಕಳುಹಿಸುವುದು ಅನ್ಯಾಯ.

ಮಳಿಗೆಯಲ್ಲಿ ವಾದಿಸಿ ಪ್ರಯೋಜನವಿಲ್ಲವೆಂದು ಕಂಡುಕೊಂಡ ಮೇಲೆ ಕಂಪನಿಯ ದೂರು ಸಂಖ್ಯೆಯಾದ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ ಪಡೆದೆವು. ಈ ಸಂಖ್ಯೆ ಇಲ್ಲದಿದ್ದರೆ ನೀವು ದೂರು ಕೊಟ್ಟಿದ್ದೀರಿ ಎಂಬುದಕ್ಕೇ ಆಧಾರವಿರುವುದಿಲ್ಲ. ಜೊತೆಗೆ ಇಮೇಲ್ ಮೂಲಕ ಕರೆಗಳ ಪೂರ್ಣ ವಿವರ ಕೇಳಿದೆವು. ಐಎಸ್‌ಡಿ ಸೌಲಭ್ಯವನ್ನು ಯಾವಾಗ, ಯಾರ ಕೋರಿಕೆಯ ಮೇಲೆ ಚಾಲೂ ಮಾಡಲಾಯಿತು ಎಂಬುದಕ್ಕೆ ದಾಖಲೆ ಕೇಳಿದೆವು. ಕ್ರೆಡಿಟ್ ಮಿತಿ ಎಷ್ಟು, ಅದು ಮೀರುವಾಗ ತಿಳಿಸಲಿಲ್ಲವೇಕೆ ಎಂದೂ ಕೇಳಿದೆವು. ವಿವಾದವಿಲ್ಲದ ತಿಂಗಳ ಬಾಡಿಗೆಯನ್ನು ಮಾತ್ರ ಕಟ್ಟಿ, ಉಳಿದದ್ದನ್ನು ವಿವಾದಿತ ಮೊತ್ತವೆಂದು ಬರೆದು ತಿಳಿಸಿದೆವು. 'ಶುಲ್ಕ ಸರಿಯಾಗಿದೆ' ಎಂಬ ಒಂದು ಸಾಲಿನ ಉತ್ತರ ಕಳುಹಿಸಿ ಅವರು ದೂರನ್ನು ಮುಗಿಸಿದರು.

ಹೆಚ್ಚಿನವರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ಮೇಲ್ಮನವಿಗೆ ಶುಲ್ಕವಿಲ್ಲ, 39 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಟ್ರಾಯ್ ತಾನೇ ಗ್ರಾಹಕರ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ. ನಾವು ಮೇಲ್ಮನವಿಯಲ್ಲಿ ಐಎಸ್‌ಡಿ ಕೋರಿಕೆಯ ದಾಖಲೆಯನ್ನೇ ಪಟ್ಟುಹಿಡಿದು ಕೇಳಿದೆವು. ಪ್ಲಾನ್ ಬದಲಿಸಿದಾಗ ಆ ಸೌಲಭ್ಯ ತಾನಾಗಿ ಸೇರಿಕೊಂಡಿತ್ತೇ ಹೊರತು ತಂದೆಯವರು ಕೇಳಿದ್ದಕ್ಕೆ ಅವರ ಬಳಿ ಯಾವ ದಾಖಲೆಯೂ ಇರಲಿಲ್ಲ. ಕೊನೆಗೆ ಆ ಕರೆಗಳ ಶುಲ್ಕವನ್ನೂ ಅದರ ಮೇಲಿನ ತೆರಿಗೆಯನ್ನೂ ಮುಂದಿನ ಬಿಲ್ಲಿನಲ್ಲಿ ಕಳೆದರು.

ಅಲ್ಲಿಯೂ ಆಗದಿದ್ದರೆ ಮಂಡ್ಯ, ಮೈಸೂರು ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಟೆಲಿಕಾಂ ವ್ಯಾಜ್ಯ ಅಲ್ಲಿ ನಡೆಯುವುದಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರ ಗ್ರಾಹಕ ವೇದಿಕೆಗಳಿಗಿದೆ ಎಂದು ಸ್ಪಷ್ಟಪಡಿಸಿದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಬಿಲ್ ಬರುವವರೆಗೆ ಕಾಯದೆ, ಹಿರಿಯರ ಸಂಖ್ಯೆಯಲ್ಲಿ ಐಎಸ್‌ಡಿ ಚಾಲೂ ಇದೆಯೇ ಎಂದು ಇಂದೇ ವಿಚಾರಿಸಿ, ಬೇಡವಾದರೆ ತೆಗೆಸಿ, ತೆಗೆಸಿದ್ದಕ್ಕೆ ಬರುವ ಎಸ್ಸೆಮ್ಮೆಸ್ಸನ್ನು ಅಳಿಸದೆ ಇಟ್ಟುಕೊಳ್ಳಿ. ಐಎಸ್‌ಡಿ ತೆಗೆಸಿದರೆ ಮಕ್ಕಳ ಕರೆ ಬರುವುದಿಲ್ಲವೇನೋ ಎಂದು ತಂದೆಯವರು ಹಿಂಜರಿದಿದ್ದರು. ಅದು ನಿಲ್ಲಿಸುವುದು ಇಲ್ಲಿಂದ ಹೋಗುವ ವಿದೇಶಿ ಕರೆಗಳನ್ನು ಮಾತ್ರ. ಅಲ್ಲಿಂದ ಬರುವ ಕರೆಗಳಿಗೂ ವಾಟ್ಸ್‌ಆ್ಯಪ್ ಕರೆಗಳಿಗೂ ಯಾವ ಅಡ್ಡಿಯೂ ಆಗುವುದಿಲ್ಲ.