‘ಟ್ವೈಲೈಟ್’ ಓದಲೋ, ‘ಡ್ರಾಕುಲಾ’ ಓದಲೋ?

ಶಿರಸಿಯ ಆಷಾಢ ಕಂಡವರಿಗೆ, 2005ರಲ್ಲಿ ಪ್ರಕಟವಾದ, ರಕ್ತ ಹೀರುವ ವ್ಯಾಂಪೈರ್‌ಗಳ ಕಥೆಯಿರುವ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿಯ ಊರು, ಅಮೆರಿಕದ ಫೋರ್ಕ್ಸ್, ತಟ್ಟನೆ ಹತ್ತಿರವಾಗುತ್ತದೆ: ಬಿಡದ ಮಳೆ, ಮೋಡ ಮುಸುಕಿದ ಹಗಲು, ಕಾಡು. ನಾಯಕಿ ಬೆಲ್ಲಾಳೇ ಕಥೆ ಹೇಳುವುದರಿಂದ ಓದು ಸರಾಗ. ಆದರೆ ಅವಳು ಪ್ರೀತಿಸುವ ವ್ಯಾಂಪೈರ್ ಎಡ್ವರ್ಡ್ ರಾತ್ರಿ ಹೊತ್ತು ಹೇಳದೆ ಕೇಳದೆ ಅವಳ ಕೋಣೆಗೆ ಬಂದು, ನಿದ್ದೆಯಲ್ಲಿರುವವಳನ್ನು ನೋಡುತ್ತಾ ಕೂರುವುದನ್ನು ಪ್ರೀತಿಯೆಂದು ಒಪ್ಪಲು ನನ್ನಿಂದಾಗದು. ಹಾಗಿದ್ದೂ ಪುಸ್ತಕ ಕೆಳಗಿಡಲು ಮನಸ್ಸು ಬರಲಿಲ್ಲ. ಹದಿನೇಳರ ಹುಡುಗಿಯ ತಳಮಳ ಅಷ್ಟು ನಿಜವಾಗಿದೆ.

ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ 1897ರದು. ದಿನಚರಿ, ಪತ್ರಗಳಲ್ಲೇ ಸಾಗುವ ಕಥೆ ನಡುವೆ ಎಳೆಯುತ್ತದೆ. ಆದರೆ ವ್ಯಾಂಪೈರ್ ಆದ ಕೌಂಟ್ ಡ್ರಾಕುಲಾ ತನ್ನ ಕೋಟೆಯ ಗೋಡೆಯ ಮೇಲೆ ಹಲ್ಲಿಯಂತೆ ತಲೆಕೆಳಗಾಗಿ ಇಳಿಯುವ ಪುಟವನ್ನು ಮರೆಯಲಾರಿರಿ. ಭಯ ಬೇಕಿದ್ದವರು ಇದನ್ನೇ ಹಿಡಿಯಿರಿ. ಇಂಗ್ಲಿಷ್ ಕಾದಂಬರಿ ಓದುವ ರೂಢಿ ಈಗಷ್ಟೇ ಆಗುತ್ತಿದ್ದರೆ ‘ಟ್ವೈಲೈಟ್’ ಮೊದಲಿರಲಿ.